ಗಾಜಿನೊಳಗಿನ ಮೆಣಸಿನಕಾಯಿ

ಬ್ಯಾಡಗಿ
18 ಮಾರ್ಚ್ 2025

ಪ್ರೀತಿಯ ದಿಲನಾಜ,

ಗುತ್ತಲದಲ್ಲಿ ನೀವೆಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ಎರಡು ವಾರದಿಂದ ನಿನ್ನ ಫೋನು ಎತ್ತಿಲ್ಲ, ತಪ್ಪಾಯಿತು. ಎತ್ತಿದ್ದರೆ ನೀನು ‘ಅಮ್ಮಿ ಯಾಕ ಕೆಲಸ ಬಿಟ್ಟಳು?’ ಎಂದು ಕೇಳುತ್ತಿದ್ದೆ. ನಿನ್ನ ಹತ್ತಿರ ನನಗೆ ಸುಳ್ಳು ಹೇಳಲು ಬರುವುದಿಲ್ಲ. ರೋಜಾ ಉಪವಾಸದ ತಿಂಗಳಲ್ಲಿ ಸಿಟ್ಟಿನ ಪತ್ರ ಬರೆಯಬಾರದು, ಆದರೂ ಬರೆಯುತ್ತಿದ್ದೇನೆ.

ನಿನ್ನ ಅಮ್ಮಿ, ನನ್ನ ಚಾಚಿ, ಮೊಣಕಾಲು ನೋವೆಂದು ಹೇಳಿ ನಿನ್ನ ಮನೆಗೆ ಬಂದಿದ್ದಾರಲ್ಲ? ಅವರ ಮೊಣಕಾಲಿಗೆ ಏನೂ ಆಗಿಲ್ಲ.

ಹೋದ ವರ್ಷ ನಮ್ಮ ಮೆಣಸಿನಕಾಯಿ ಕಂಪನಿಯ ಮ್ಯಾನೇಜರ್ ಮಾಲತೇಶ ನನ್ನನ್ನು ಕರೆದ. ‘ಮೇಘಾ ಮೇಡಮ್, ಕೆಲಸಗಾರರ ತರಬೇತಿಗೆ ಒಂದು ಯೋಜನಾ ಮಾಡ್ರಿ. ಯಾರಿಗೆ ಏನು ಬರತೈತಿ, ಯಾರು ಕಲಿಸಬೇಕು, ಹೆಂಗ ಮುಂದ ಬರಬೇಕು, ಎಲ್ಲಾ ಬರೀರಿ’ ಎಂದ. ತರಬೇತಿ ವಿಭಾಗ ಸೇರಿ ಮೂರು ವರ್ಷವಾಗಿದ್ದರೂ ಒಣಗಿದ ಕಾಯಿ, ಹಸಿ ಕಾಯಿ ಗುರುತಿಸಲು ನನಗೇ ಬರುತ್ತಿರಲಿಲ್ಲ. ಅದಕ್ಕೇ ನಲವತ್ತು ದಿನ ಚಾಚಿಯ ಪಕ್ಕ ಕುಳಿತೆ. ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ಸೀನುತ್ತ ಸೀನುತ್ತ ಬರೆದುಕೊಂಡೆ. ಅವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು.

‘ಕೇಳವಾ, ಬೀಜ ಗಿಲಿಗಿಲಿ ಅಂದ್ರ ಒಣಗೈತಿ. ಸುಮ್ಮಕಿದ್ರ ಒಳಗ ಹಸಿ ಐತಿ. ಕಣ್ಣು ಮೋಸ ಮಾಡತಾವ, ಕಿವಿ ಮಾಡಂಗಿಲ್ಲ.’

ಮೂವತ್ತು ವರ್ಷದಿಂದ ಅಲ್ಲಿ ಕಾಯಿ ಆರಿಸುವ ಹೆಂಗಸರಿಗೆಲ್ಲ ಕಲಿಸಿದ್ದು ಅವರೇ. ನನ್ನ ಯೋಜನೆಯ ಮೊದಲ ಪುಟದಲ್ಲಿ ಅದನ್ನೇ ಬರೆದೆ: ಮುಖ್ಯ ತರಬೇತುದಾರರು ದೌಲತಬಿ, ಕಲಿಕೆ ಅಂಗಳದಲ್ಲಿ, ಕಾಯಿ ಕೈಯಲ್ಲಿ ಹಿಡಿದೇ.

ಮಾಲತೇಶ ಆ ಪುಟವನ್ನೇ ಕಿತ್ತು ಹಾಕಿದ. ‘ಓದಾಕ ಬರಲಾರದಾಕಿ ಹೆಂಗ ಟ್ರೇನರ್ ಆಗ್ತಾಳ್ರಿ?’ ಅಂತೆ! ಹೊರಗಿನಿಂದ ಒಬ್ಬ ಸಲಹೆಗಾರನನ್ನು ಕರೆಸಿದ. ಆ ಮಹಾಶಯ ನನ್ನ ನೋಟ್‌ಬುಕ್ ಇಸಿದುಕೊಂಡು, ಚಾಚಿಯ ಮಾತುಗಳನ್ನೇ ಪರೀಕ್ಷೆಯ ಪ್ರಶ್ನೆಗಳಾಗಿ ಮಾಡಿ ಟ್ಯಾಬಿಗೆ ತುಂಬಿದ. ಅದೇ ಪರೀಕ್ಷೆಯನ್ನು ಚಾಚಿಗೂ ಇಟ್ಟರು. ಅಜ್ಜಿಗೆ ಕೆಮ್ಮು ಕಲಿಸಲು ಹೊರಟವರು! ಬರೆಯುವಾಗಲೂ ನನ್ನ ಮೈ ಉರಿಯುತ್ತಿದೆ.

ಪರೀಕ್ಷೆಯ ದಿನ ಟ್ಯಾಬಿನಲ್ಲಿ ಒಂದು ಕಾಯಿಯ ಚಿತ್ರ ಬಂತು. ‘ಇದು ಒಣಗೈತೋ ಇಲ್ಲೋ ಹೇಳ್ರಿ’ ಎಂದ ಸಲಹೆಗಾರ. ಚಾಚಿ ಟ್ಯಾಬನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಕೋಣೆಯೆಲ್ಲ ನಕ್ಕಿತು.

‘ಗಾಜಿನ್ಯಾಗಿನ ಕಾಯಿ ಸಪ್ಪಳ ಮಾಡಂಗಿಲ್ಲೋ ತಮ್ಮಾ. ಖರೇ ಕಾಯಿ ಕೊಡು, ಹೇಳ್ತೀನಿ’ ಎಂದರು.

ಯಾರೂ ಕೊಡಲಿಲ್ಲ. ಅವರು ಕಲಿಸಿದ ಹುಡುಗಿಯರ ಎದೆಗೆ ಪಾಸಾದ ಬಿಲ್ಲೆ ಬಂತು. ಚಾಚಿಯ ಹೆಸರಿನ ಮುಂದೆ ‘ತರಬೇತಿ ಅಗತ್ಯ’ ಎಂದು ಬರೆದು ತೊಟ್ಟು ಬಿಡಿಸುವ ಶೆಡ್ಡಿಗೆ ಕಳಿಸಿದರು. ನಾಲ್ಕು ದಿನ ತೊಟ್ಟು ಬಿಡಿಸಿದರು. ಐದನೆಯ ದಿನ ಬರಲಿಲ್ಲ.

ಮೊನ್ನೆ ಏನಾಯಿತು ಗೊತ್ತೇ? ಬಿಲ್ಲೆಯವರು ಪಾಸು ಮಾಡಿದ ಚೀಲಗಳಿಗೆ ಬೂಸರು ಹಿಡಿದಿದೆ. ಮಾಲತೇಶನಿಗೆ ಆಗ ಚಾಚಿ ನೆನಪಾದರು. ‘ಇನ್ನೊಂದು ಕ್ಲಾಸ್ ಇಡ್ರಿ. ಹಂಗ ಆ ದೌಲತಬಿನ್ನೂ ಕರಸ್ರಿ, ಒಂದು ವಾರ ನೋಡ್ಲಿ’ ಎಂದ. ಒಂದು ವಾರ! ಕಿತ್ತು ಹಾಕಿದ ಪುಟವನ್ನು ಮತ್ತೆ ಪ್ರಿಂಟ್ ತೆಗೆದು ಅವನ ಮೇಜಿನ ಮೇಲೆ ಬಡಿದೆ. ‘ಮೊದಲು ಇದಕ್ಕ ಸಹಿ ಹಾಕ್ರಿ. ಆಮ್ಯಾಲ ನಾನ ಹೋಗಿ ಕೈ ಮುಗದು ಕರಕೊಂಡ ಬರ್ತೀನಿ’ ಎಂದೆ. ಇನ್ನೂ ಹಾಕಿಲ್ಲ. ನನ್ನ ಕೆಲಸ ಹೋದರೆ ಹೋಗಲಿ.

ಕಂಪನಿಯ ಜೀಪು ನಿಮ್ಮ ಬಾಗಿಲಿಗೆ ಬಂದರೆ ಚಾಚಿಯನ್ನು ಕಳಿಸಬೇಡ. ಸಹಿ ಇರುವ ಕಾಗದ ತೋರಿಸಲು ಹೇಳು. ನೀನೇ ಓದಿ ಅವರಿಗೆ ಕೇಳಿಸು.

ಮಕ್ಕಳಿಗೆ ನನ್ನ ಮುತ್ತು. ನಿಮ್ಮೆಲ್ಲರ ರೋಜಾ ಸುಸೂತ್ರವಾಗಿ ಮುಗಿಯಲಿ, ಈದ್ ನಗುನಗುತ್ತ ಬರಲಿ.

ನಿನ್ನ
ಮೇಘಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಆ ದಿನ ಕೋಣೆಯಲ್ಲಿ ಮೊದಲು ನಕ್ಕವಳು ನಾನು. ಚಾಚಿ ಟ್ಯಾಬ್ ಕೆಳಗಿಟ್ಟು ನೋಡಿದ್ದು ನನ್ನೊಬ್ಬಳನ್ನೇ. ಇದನ್ನು ಅವರು ನಿನಗೆ ಹೇಳಿಲ್ಲವೆಂದು ಗೊತ್ತು. ಹೇಳಿದ್ದರೆ ನೀನು ನನಗೆ ಫೋನೇ ಮಾಡುತ್ತಿರಲಿಲ್ಲ.