ನೀಲಿ ಪಟ್ಟಿಯ ಚೌಕ

ಹಲಸೂರು
ಭಾನುವಾರ, 24 ಆಗಸ್ಟ್ 2025

ಮಗಳು ಬೃಂದಾಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ನಿನ್ನ ಅಮ್ಮ ಮಂಜುಳಮ್ಮನವರ ಮಂಡಿನೋವು ಮಳೆ ಬಂದರೆ ಏರುತ್ತದೆ, ಪಕ್ಕದ ಮನೆಯವರು ಮಾತಿಗೆ ಬಂದರೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಬರೆಯಬೇಕಾಗಿದ್ದ ಕಾಗದವನ್ನು ಆಗಸ್ಟ್‌ನಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸು. ಪುರುಸೊತ್ತಿರಲಿಲ್ಲ ಅಂದರೆ ನಿನ್ನ ಅಮ್ಮನೇ ನಗುತ್ತಾಳೆ. ಶನಿವಾರ ನೀನು ಹನೂರಿಗೆ ಬಂದಾಗ ಫೋನ್ ಮಾಡುತ್ತೀಯ, ಅವಳ ಹತ್ತಿರ ಅರ್ಧ ಗಂಟೆ ಮಾತಾಡುತ್ತೀಯ. ನನ್ನ ಕೈಗೆ ಕೊಟ್ಟ ತಕ್ಷಣ ‘ಊಟ ಆಯ್ತಪ್ಪ’ ಅನ್ನುತ್ತೀಯ, ಸಿಗ್ನಲ್ ಹೋಗಿಬಿಡುತ್ತದೆ. ಆ ಸಿಗ್ನಲ್ಲಿಗೂ ನನ್ನ ಮೇಲೆ ಕೋಪ ಅಂತ ಕಾಣುತ್ತದೆ. ಅದಕ್ಕೇ ಈ ಕಾಗದ.

ನಡೆದದ್ದು ನಿನಗೆ ಗೊತ್ತು. ಆದರೂ ನನ್ನ ಕಡೆಯಿಂದ ಒಂದು ಸಲ ಹೇಳುತ್ತೇನೆ. ನಿನ್ನ ಕಾಡು ನೋಡೋಣ ಅಂತ ಹುರಿಗಡಲೆ ಚಟ್ನಿಪುಡಿ ಕಟ್ಟಿಸಿಕೊಂಡು ಬಂದೆ. ನೀನು ಎರಡು ದಿನದ ಮಟ್ಟಿಗೆ ಮೈಸೂರಿಗೆ ಮೀಟಿಂಗಿಗೆ ಹೋದೆ. ನಾನು ಒಬ್ಬನೇ ಸುತ್ತಾಡುತ್ತಾ ನೀನು ಓದಿಗೆ ಅಂತ ಕಾಡಿನಲ್ಲಿ ಗುರುತು ಹಾಕಿದ ಹನ್ನೆರಡು ಚೌಕ ನೋಡಿದೆ. ಆರು ಚೌಕದಲ್ಲಿ ಲಂಟಾನ ಕಿತ್ತು ನೆಲ ಕಾಣುತ್ತಿತ್ತು, ಅಲ್ಲಲ್ಲಿ ಬೆಟ್ಟದ ನೆಲ್ಲಿ, ದಿಂಡಿಗದ ಸಸಿ ತಲೆ ಎತ್ತಿದ್ದವು. ಇನ್ನಾರು ಚೌಕದ ಸುತ್ತ ನೀಲಿ ಪಟ್ಟಿ ಕಟ್ಟಿತ್ತು, ಒಳಗೆ ಆಳೆತ್ತರದ ಲಂಟಾನ, ಹುಲ್ಲುಕಡ್ಡಿ ಬೆಳೆಯಲೂ ಜಾಗವಿಲ್ಲ. ಪಾಪ, ಮಗುವಿಗೆ ಅರ್ಧ ಕೆಲಸ ಉಳಿದುಬಿಟ್ಟಿದೆ ಅನ್ನಿಸಿತು. ಮಚ್ಚು, ಕತ್ತರಿ ಹಿಡಿದು ಎರಡು ದಿನದಲ್ಲಿ ಒಂದು ಚೌಕ ಚೊಕ್ಕ ಮಾಡಿದೆ. ಮುಳ್ಳು ಗೀರಿ ಮೊಣಕೈವರೆಗೂ ರಕ್ತ ಬಂತು. ನೀನು ಬಂದು ನೋಡಿ ಎಷ್ಟು ಖುಷಿಪಡುತ್ತೀಯ ಅಂತ ಲೆಕ್ಕ ಹಾಕುತ್ತಿದ್ದೆ.

ಆ ಆರನ್ನು ನೀನು ಬೇಕೆಂದೇ ಬಿಟ್ಟಿದ್ದೆ. ಲಂಟಾನ ತೆಗೆದ ಕಡೆ ಏನು ಬೆಳೆಯುತ್ತದೆ, ತೆಗೆಯದ ಕಡೆ ಏನು ಸಾಯುತ್ತದೆ ಅಂತ ಪಕ್ಕಪಕ್ಕದಲ್ಲಿಟ್ಟು ನೋಡಲು. ಮೂರು ವರ್ಷದಿಂದ ಆರು ತಿಂಗಳಿಗೊಮ್ಮೆ ಕೂತು ಸಸಿ ಎಣಿಸಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನಾನೇ ಆದೆ.

ಜೀಪಿನಿಂದ ಇಳಿದವಳು ಚೌಕದ ಮುಂದೆ ನಿಂತು, ಎಲ್ಲರ ಎದುರು, “ಇದು ತೋಟ ಅಲ್ಲಪ್ಪ. ನೀನು ಮುಟ್ಟಿದ್ದೆಲ್ಲ ತೋಟ ಆಗ್ಲೇಬೇಕಾ?” ಅಂದೆ. ಆಮೇಲೆ ಯಾಕೆ ಮುಟ್ಟಿದೆ ಅಂತ ನೀನು ಕೇಳಿದೆ. ನನಗೆ ಯಾರೂ ಹೇಳಲಿಲ್ಲ ಅಂದೆ ನಾನು. ನೀನು ಶರಣಬಸವನ ಕಡೆ ತಿರುಗಿದೆ. ಚೌಕ ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಅವನು ತಲೆ ತಗ್ಗಿಸಿಕೊಂಡು ನಿಂತ. ಮಾರನೆಯ ದಿನ ನೀನು ಅವನನ್ನು ಕೆಲಸದಿಂದ ಕಳಿಸಿಬಿಟ್ಟೆ.

ಅವನ ವಿಷಯಕ್ಕೇ ಈ ಕಾಗದ ಬರೆಯುತ್ತಿರುವುದು. ಜೂನ್‌ನಲ್ಲಿ ನಿನ್ನ ಚಿಕ್ಕಮ್ಮನನ್ನು ರೈಲು ಹತ್ತಿಸಲು ಬೈಯಪ್ಪನಹಳ್ಳಿ ಟರ್ಮಿನಲ್ಲಿಗೆ ಹೋಗಿದ್ದೆ. ವಾಪಸು ಬರುವಾಗ ರಸ್ತೆ ನಡುವಿನ ದಿಬ್ಬದಲ್ಲಿ ಕೆಲವರು ಲಾನ್ ಹಾಸುತ್ತಿದ್ದರು. ಒಬ್ಬ ಎದ್ದು ನಿಂತು ಕೈ ಮುಗಿದ. ಶರಣಬಸವ! ಯಾದಗಿರಿ ಕಡೆಯವನು, ನಲವತ್ತೈದು ದಾಟಿದ ಗಂಡಸು, ಕಾಡಿನಲ್ಲಿ ಒಂದೊಂದು ಸಸಿಯ ಗುರುತು ಬಲ್ಲವನು, ಇಲ್ಲಿ ಬಿಸಿಲಲ್ಲಿ ಚಾಪೆಯಂತೆ ಹುಲ್ಲು ಸುತ್ತಿ ಹೊರುತ್ತಿದ್ದಾನೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಕೆಲಸದ ಮಾತೇ ಎತ್ತಲಿಲ್ಲ. ಎಂಟನೇ ಚೌಕದ ಹೊನ್ನೆ ಸಸಿ ಉಳಿದಿದೆಯಾ, ಬೇಸಿಗೆಯಲ್ಲಿ ಒಣಗಿತಾ ಅಂತ ಕೇಳಿದ. ನನಗೇನು ಗೊತ್ತು? ಉಳಿದಿದೆ ಅಂತ ಹೇಳಿಬಿಟ್ಟೆ. ನಿಜವಾಗಿ ಉಳಿದಿದೆಯೋ ಇಲ್ಲವೋ ನೀನೇ ತಿಳಿಸಬೇಕು.

ಅಲ್ಲೇ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾನೆ. ಕರೆದುಕೊಂಡು ಹೋದ. ಅವನ ಹೆಂಡತಿ ಗಂಗಾ ಬಿಸಿ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಅವರ ಕಡೆಯ ಚಟ್ನಿಪುಡಿ, ಹಾಕಿಕೊಟ್ಟಳು. ಬೇಡ ಅನ್ನಲಾಗದೆ ಎರಡು ತಿಂದೆ.

ಈಗ ಒಳ್ಳೆಯ ಸುದ್ದಿ ಕೇಳು. ರಿಚರ್ಡ್ಸ್ ಟೌನಿನ ಮಾರಿಯಾ ಮೇಡಂ ಬಂಗಲೆಯ ಮುಂದೆ ನಾನೇ ನೆಟ್ಟು ಮೂವತ್ತೊಂದು ವರ್ಷ ಕತ್ತರಿಸಿದ ಲಂಟಾನ ಬೇಲಿ ಇತ್ತಲ್ಲ, ಚಿಕ್ಕವಳಿದ್ದಾಗ ಅದರ ಕರಿ ಹಣ್ಣು ತಿಂದು ನಾಲಿಗೆ ತೋರಿಸುತ್ತಿದ್ದೆಯಲ್ಲ, ಅದನ್ನು ತೆಗೆಸಿಬಿಟ್ಟೆ. ನಮ್ಮ ತಾತನ ಕಾಲದಿಂದ ದಂಡು ಪ್ರದೇಶದ ಬಂಗಲೆಗಳಿಗೆ ಈ ಬೇಲಿ ಹಾಕಿದವರು ನಮ್ಮವರೇ. ಅದರ ಬೀಜ ಹಕ್ಕಿ ಹೊಟ್ಟೆ ಸೇರಿ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಯಾರು ಯೋಚಿಸಿದ್ದರು? ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ನಿನ್ನ ಕಾಡು ನೋಡಿದ ಮೇಲೆ ಆ ಮಾತು ನನಗೆ ಅರ್ಥವಾಯಿತು. ಮೇಡಂಗೆ ನಾಲ್ಕು ದಿನ ತಿಳಿಸಿ ಹೇಳಬೇಕಾಯಿತು. ಬೇಲಿ ಹೋದರೆ ರಸ್ತೆಯವರೆಲ್ಲ ತಮ್ಮ ಊಟದ ಮೇಜು ನೋಡುತ್ತಾರೆ ಅಂತ ಅವರ ತಕರಾರು. ಕೊನೆಗೆ ‘ನಿನ್ನ ಮಗಳ ಓದಿಗೋಸ್ಕರ ಒಪ್ಪಿದೆ, ಒಂದು ವರ್ಷದಲ್ಲಿ ಮರೆಯಾಗೋ ಹಾಗೆ ಬೇರೆ ಬೇಲಿ ಬೆಳೆಸಿಕೊಡು’ ಅಂದರು.

ನಾನು ಬುಡಕ್ಕೆ ಸಮವಾಗಿ ಕೊಯ್ದೆ. ಮೂರು ವಾರಕ್ಕೆ ಒಂದು ಬುಡದಿಂದ ಹತ್ತು ಚಿಗುರು! ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಭಾನುವಾರ ಶರಣಬಸವನನ್ನು ಕರೆದೆ. ಅವನು ಗುದ್ದಲಿಯಿಂದ ಬುಡ ಬಿಡಿಸಿದ, ನಾಲ್ಕು ಬೆರಳು ಮಣ್ಣಿನೊಳಗೆ ಮುಖ್ಯ ಬೇರು ಕಡಿದ, ಪೊದೆಯನ್ನು ತಲೆಕೆಳಗು ಮಾಡಿ ಬೇರು ಬಿಸಿಲಿಗೆ ಬರುವಂತೆ ನಿಲ್ಲಿಸಿದ. ನೆಲ ತಾಗಿದರೆ ಮತ್ತೆ ಬೇರು ಬಿಡುತ್ತದಂತೆ. ನಲವತ್ತು ವರ್ಷದ ಮಾಲಿ ನಾನು. ಗಿಡ ಮತ್ತೆ ಚಿಗುರುವ ಹಾಗೆ ಕೊಯ್ಯುವುದು ನನ್ನ ಕಸುಬು. ಸಾಯುವ ಹಾಗೆ ಕೀಳುವುದನ್ನು ಈ ವಯಸ್ಸಿನಲ್ಲಿ ಅವನಿಂದ ಕಲಿತೆ. ಆಮೇಲೆ ಏಳು ಭಾನುವಾರ ಇಬ್ಬರೂ ಅಲ್ಲೇ ಇದ್ದೆವು. ಕಿತ್ತ ಜಾಗದಲ್ಲಿ ಲಕ್ಕಿ, ಆಡುಸೋಗೆ ನೆಟ್ಟಿದ್ದೇವೆ. ಮಣ್ಣಿನಲ್ಲಿ ಉಳಿದ ಬೀಜದಿಂದ ಲಂಟಾನ ಸಸಿ ಇನ್ನೂ ಏಳುತ್ತಿದೆ, ಎರಡು ವರ್ಷ ಬಿಡದೆ ಕೀಳಬೇಕು ಅಂದಿದ್ದಾನೆ.

ಹೋದ ವಾರ ಮೇಡಂ ಬಾಗಿಲಿಂದಲೇ ಕೂಗಿ ಕರೆದರು. ಹಳೇ ಬೇಲಿಯ ಜಾಗದಲ್ಲಿ ಬೆರಳುದ್ದದ ಎರಡು ಶ್ರೀಗಂಧದ ಸಸಿ. ನೆಟ್ಟವರು ಯಾರೂ ಇಲ್ಲ, ಪಿಕಳಾರವೋ ಕೋಗಿಲೆಯೋ ಉದುರಿಸಿರಬೇಕು. ಇಷ್ಟು ವರ್ಷವೂ ಉದುರಿಸಿರುತ್ತವೆ, ಆ ಕತ್ತಲಲ್ಲಿ ಯಾವುದೂ ಮೇಲೆ ಬಂದಿಲ್ಲ ಅಷ್ಟೆ. ಗಂಧಕ್ಕೆ ಪಕ್ಕದ ಗಿಡದ ಬೇರಿನ ಆಸರೆ ಬೇಕು ಅಂತ ಶರಣಬಸವ ಅದರ ಹತ್ತಿರವೇ ಒಂದು ತೊಗರಿ ಊರಿದ. ನಿನ್ನ ಕೆಲಸ ಏನು ಅಂತ ನನಗೆ ಪೂರ್ತಿ ಅರ್ಥವಾದದ್ದು ಆವತ್ತು. ಖುಷಿಗೆ ಕಣ್ಣಲ್ಲಿ ನೀರು ಬಂತು ಕಣಮ್ಮ, ಮೇಡಂ ನೋಡಿ ಟೀ ಮಾಡಿಕೊಟ್ಟರು.

ನಿನ್ನ ಜೊತೆ ಕೆಲಸ ಮಾಡುವ ರಮ್ಯಶ್ರೀ ಚಟ್ನಿಪುಡಿ ಡಬ್ಬಿ ವಾಪಸು ಕೊಡಲು ಬಂದಿದ್ದಳು. ನಾನು ಕೊಯ್ದ ಚೌಕದಲ್ಲಿ ಲಂಟಾನ ಆಗಲೇ ಸೊಂಟದೆತ್ತರ ಬಂದಿದೆಯಂತೆ. ನೋಡು, ಹಾಳು ಮಾಡುವುದನ್ನೂ ನೆಟ್ಟಗೆ ಮಾಡಲಿಲ್ಲ ನಿನ್ನ ಅಪ್ಪ. ಆ ಒಂದನ್ನು ಲೆಕ್ಕದಿಂದ ಬಿಟ್ಟು ಉಳಿದ ಐದರಲ್ಲೇ ನಿನ್ನ ಪ್ರಬಂಧ ನಿಲ್ಲುತ್ತದೆ ಅಂತ ನಿನ್ನ ಗೈಡ್ ಹೇಳಿದರಂತೆ. ಕಷ್ಟ, ಆದರೆ ನಿಲ್ಲುತ್ತದೆ ಅಂದಳು. ನೀನು ಬಿಡದೆ ಆ ಚಿಗುರನ್ನೂ ಅಳೆಯುತ್ತಿದ್ದೀಯಂತೆ, ಬರೀ ಕೊಯ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಬೇಕು ಅಂತ. ಕೇಳಿ ನಾಲ್ಕು ತಿಂಗಳ ಮೇಲೆ ಹೊಟ್ಟೆ ತುಂಬಾ ಉಂಡೆ.

ಹಾಗಾಗಿ ನನ್ನದೊಂದು ಕೋರಿಕೆ. ಶರಣಬಸವನನ್ನು ವಾಪಸು ಕೆಲಸಕ್ಕೆ ತೆಗೆದುಕೋ. ಮೂರು ವರ್ಷ ಚೌಕ ಕಾದವನು ಒಂದು ಸಲ ಒಂದು ಮಾತು ಹೇಳಲು ಮರೆತಿರಬಹುದು. ಮನುಷ್ಯನಿಗೆ ಮರೆವು ಸಹಜ. ದೊಡ್ಡ ಮನಸ್ಸು ಮಾಡು. ಮಳೆ ಮುಗಿದ ಮೇಲಿನ ಎಣಿಕೆಗೆ ಅವನಂಥ ಕಣ್ಣು ನಿನಗೆ ಬೇರೆ ಸಿಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆನೆ ಓಡಾಡುವ ಕಡೆ ಒಬ್ಬಳೇ ಹೋಗಬೇಡ. ನೀನು ಬಿಡಿಸಿದ ನೆಲದಲ್ಲಿ ನೂರು ಜಾತಿ ಮರ ಬೆಳೆಯಲಿ, ಅದರ ನೆರಳಲ್ಲಿ ನೀನು ಬಹುಕಾಲ ತಣ್ಣಗಿರು.

ನಿನ್ನ ಅಪ್ಪ
ಮುನಿಕೃಷ್ಣಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಮೇಲಿನದನ್ನೆಲ್ಲ ಓದಿ ನೋಡಿದೆ. ಹರಿದು ಹಾಕೋಣ ಅನ್ನಿಸಿತು. ಬೇಡ, ನಿನ್ನ ಅಪ್ಪ ಎಂಥವನು ಅಂತ ನಿನಗೂ ಗೊತ್ತಾಗಲಿ.

ಶರಣಬಸವ ನನಗೆ ಹೇಳಿದ್ದ. ಎರಡು ಸಲ. ಮೊದಲನೆಯ ದಿನ, “ನೀಲಿ ಪಟ್ಟಿ ಇದ್ದದ್ದು ಮುಟ್ಟಬ್ಯಾಡ್ರಿ ಯಜಮಾನ್ರ, ಅಮ್ಮಾರು ಬೇಕಂತನ ಬಿಟ್ಟಾರ” ಅಂದ. ಗಿಡದ ವಿಷಯ ನನಗೇ ಕಲಿಸ್ತೀಯಾ ಅಂತ ಗದರಿಸಿದೆ. ಎರಡನೆಯ ದಿನ ಬಂದು ನನ್ನ ಕೈ ಹಿಡಿದುಕೊಂಡ. ಅವನನ್ನು ಟೀ ತರಲು ಕಳಿಸಿ ಉಳಿದದ್ದನ್ನೂ ಕೊಯ್ದೆ. ನೀನು ಎಲ್ಲರ ಮುಂದೆ ಕೇಳಿದಾಗ ‘ಯಾರೂ ಹೇಳಲಿಲ್ಲ’ ಅಂತ ಬಾಯಿಗೆ ಬಂದುಬಿಟ್ಟಿತು. ಬಂಗಲೆಗಳಲ್ಲಿ ತಪ್ಪಾದಾಗಲೆಲ್ಲ ನಾವು ಮಾಲಿಗಳು ಹೇಳುವ ಮಾತು ಅದು. ಮಗಳ ಮುಂದೆಯೂ ಅದನ್ನೇ ಹೇಳಿದೆನಲ್ಲ ಅನ್ನುವುದು ನನ್ನನ್ನು ತಿನ್ನುತ್ತಿದೆ.

ಅವತ್ತು ಯಾಕೆ ಬಾಯಿ ಬಿಡಲಿಲ್ಲ ಅಂತ ಅವನನ್ನು ಮೊನ್ನೆ ಕೇಳಿದೆ. “ಮಗಳ ಮುಂದ ಅಪ್ಪನ್ನ ಸುಳ್ಳ ಮಾಡ್ಲಾಕ ಮನಸ್ಸಾಗಲಿಲ್ರಿ” ಅಂದ, ಮತ್ತೆ ಗುದ್ದಲಿ ಎತ್ತಿಕೊಂಡ.

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ನಾಳೆ ಬೆಳಗಿನ ಕೊಳ್ಳೇಗಾಲದ ಬಸ್ಸಿಗೆ ಅವನನ್ನೇ ಹತ್ತಿಸುತ್ತೇನೆ, ಅವನ ಕೈಯಲ್ಲೇ ಕೊಡುತ್ತೇನೆ. ಒಳಗೆ ಏನಿದೆ ಅಂತ ಅವನು ಕೇಳಿಲ್ಲ. ಅಮ್ಮಾರು ಬೈದು ಕಳಿಸಿದರೂ ಚೌಕಗಳನ್ನು ಒಂದು ಸಲ ನೋಡಿಕೊಂಡು ಬರುತ್ತೇನೆ ಅಂದ. ನೀನು ಇದನ್ನು ಓದುವಷ್ಟು ಹೊತ್ತೂ ನಿನ್ನೆದುರು ನಿಂತೇ ಇರುತ್ತಾನೆ. ನನ್ನನ್ನು ಬೈಯುವುದು ಆಮೇಲೆ ಇದ್ದೇ ಇದೆ. ಮೊದಲು ಅವನನ್ನು ಕೂರಿಸು, ಮಗಳೇ.