ಬೀಗಿತ್ತಿಗೆ ಬಡಿಸಿದ ಅಲಸಂದೆ

ಬಾಸ್ಟನ್, ಬುಧವಾರ

ಪ್ರೀತಿಯ ಅಕ್ಕಾ,

ಮಗಳು, ಕೂಸು ಚೆನ್ನಾಗಿದ್ದಾರೆ. ನನ್ನ ಮಂಡಿನೋವು ಇಲ್ಲಿನ ಚಳಿಗೆ ಹೆಚ್ಚಾಗಿದೆ. ಇಟಲಿಯಿಂದ ಬಂದಿರುವ ಬೀಗಿತ್ತಿ ನಿನ್ನೆ ಊಟಕ್ಕೆ ಕೂತಾಗ, "ಅಮೆರಿಕದೋರಿಗೆ ಅಡುಗೆ ಅಂದ್ರೆ ಡಬ್ಬಿ ಬಿಚ್ಚೋದು ಅಷ್ಟೇ ಅಲ್ವಾ?" ಅಂದರು. ಮಗಳ ಮುಖ ಸಣ್ಣದಾಯಿತು. ನಾನು ಎದ್ದು ಅಲಸಂದೆ ಕಾಳು ನೆನೆಹಾಕಿದೆ. ಇವತ್ತು ಅದನ್ನು ಹಂದಿ ಮೂಳೆಯ ಜೊತೆ ಹದವಾಗಿ ಬೇಯಿಸಿ, ಬಿಸಿ ಮೆಕ್ಕೆಜೋಳದ ಬ್ರೆಡ್ಡಿನೊಂದಿಗೆ ಬಡಿಸಿದೆ. ಬೀಗಿತ್ತಿ ಮತ್ತೆ ಮತ್ತೆ ಹಾಕಿಸಿಕೊಂಡು, "ಇದು ನಿಮ್ಮ ಹಬ್ಬದಡುಗೆನಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು, "ನಮ್ಮ ಜಾರ್ಜಿಯಾದಲ್ಲಿ ಇದು ಬರೀ ಸೋಮವಾರದ ಊಟ ಅತ್ತೆ. ನಮ್ಮಮ್ಮನ ಭಾನುವಾರದ ಕೋಳಿ ನೀವಿನ್ನೂ ತಿಂದಿಲ್ಲ" ಅಂದಳು.

ಕೋಳಿ ತರಲು ಬೀಗಿತ್ತಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಹೊರಟೆ.

ನಿನ್ನ ತಂಗಿ,
ಅರ್ಲೀನ್