ಹಾಲಿಸ್ ಮೆಚ್ಚಿದ ಬಣ್ಣ

ಅರಿಮಾ, ಟ್ರಿನಿಡಾಡ್
29 ಡಿಸೆಂಬರ್ 2003

ಪ್ರೀತಿಯ ಎನಿಡ್ ಅಕ್ಕನಿಗೆ,

ಟೊಬೇಗೋದಿಂದ ನೀನು ಬರೆದ ಎರಡು ಕಾಗದಕ್ಕೂ ಉತ್ತರ ಹಾಕಲಿಲ್ಲ, ಬೇಜಾರು ಮಾಡ್ಕೋಬೇಡ. ಪೆನ್ನು ಹಿಡಿದರೆ ಭುಜ ಕಿತ್ತುಬರುತ್ತೆ. ಈ ಸಲ ಕ್ರಿಸ್‌ಮಸ್‌ಗೆ ಮನೆಗೆ ಬಣ್ಣ ಹೊಡೆದವಳು ನಾನೇ.

ಬಣ್ಣ ಹೊಡೆಯದೆ, ಹೊಸ ಪರದೆ ಕಟ್ಟದೆ ನಮ್ಮಲ್ಲಿ ಯಾರಾದರೂ ಹಬ್ಬ ಮಾಡಿದ್ದುಂಟಾ? ಮೂವತ್ತೊಂದು ವರ್ಷ ಬ್ರಷ್ಷು ನನ್ನ ಗಂಡ ಹಾಲಿಸ್‌ನದು, ಪರದೆ ನನ್ನದು. ಪ್ರತಿ ವರ್ಷ ಅದೇ ಗುಲಾಬಿ ಬಣ್ಣ. ಹಾಲಿಸ್‌ಗೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆ ಸೇರಿದ ಮೇಲೆ ಎರಡು ತಿಂಗಳು ನಾನು ಬಸ್ಸಲ್ಲಿ ಓಡಾಡಿದ್ದೇ ಆಯ್ತು. ಒಂದೊಂದು ದಿನ ನನ್ನ ಗುರುತು ಸಿಗುತ್ತಿತ್ತು, ಒಂದೊಂದು ದಿನ ಇಲ್ಲ. "ಮನೆಗೆ ಹೋದ್ರೆ ನೆನಪು ಮರಳಬಹುದು ನೋಡಿ" ಅಂದರು ಡಾಕ್ಟರು. ನನಗಿದ್ದದ್ದು ಅದೊಂದೇ ಆಸೆ.

ಒಂದು ಮಧ್ಯಾಹ್ನ ವಾರ್ಡಿನ ಗೋಡೆ ನೋಡುತ್ತಾ, "ಈ ಬಣ್ಣ ಚೆನ್ನಾಗಿದೆ ಇನೆಜ್, ಕಣ್ಣಿಗೆ ತಂಪು" ಅಂದ. ಬೂದಿ ಬೆರೆಸಿದಂಥ ತೆಳು ಹಸಿರು. ಎಷ್ಟೋ ದಿನದ ಮೇಲೆ ಅವನು ಇಷ್ಟಪಟ್ಟು ಆಡಿದ ಮಾತು. ನಾನು ಅದನ್ನೇ ಹಿಡಿದುಕೊಂಡೆ. ಅದೇ ಹಸಿರು ಬರಲಿ ಅಂತ ಅಂಗಡಿಯವನ ಕೈಲಿ ಮೂರು ಸಲ ಬಣ್ಣ ಕಲಸಿಸಿದೆ. ಪಕ್ಕದ ಮನೆ ಜೋಸ್ಲಿನ್ ಬಾಗಿಲಲ್ಲಿ ನಿಂತು, "ಏನೇ, ಹಬ್ಬಕ್ಕೆ ಬಣ್ಣ ಹೊಡೀತಿದ್ದೀಯೋ, ನಿಮ್ಮನೆ ಗೋಡೆಗೆ ಜ್ವರ ಬಂದಿದ್ಯೋ?" ಅಂದಳು. "ನಿಮ್ಮನೆ ಕಿತ್ತಳೆ ಗೋಡೆ ನೋಡಿ ಬಂದ ಜ್ವರ ಕಣೇ" ಅಂದೆ. ನಗುತ್ತಾ ಬಂದು ಏಣಿ ಹಿಡಿದುಕೊಂಡಳು, ಪಾಪ.

ಹಳೇ ಪರದೆಯೆಲ್ಲ ಕಿತ್ತು ಬಿಳಿಯದು ಕಟ್ಟಿದೆ. ಅವನಿಗೆ ಗಾಳಿ ಬರಲಿ ಅಂತ ಮಂಚ ಕಿಟಕಿಯ ಕೆಳಗೆ ಹಾಕಿದೆ. ಹಬ್ಬದ ಹಿಂದಿನ ದಿನ ಕರಕೊಂಡು ಬಂದೆವು. ಜನ ಬಂದರು, ಹಾಡಿದರು, ಹ್ಯಾಮ್ ತಿಂದರು, ರಮ್ಮಿನ ಕೇಕು ಸಾಲಲಿಲ್ಲ ಅಂದರು. ಹಾಲಿಸ್ ಸುಮ್ಮನೆ ಮಲಗಿ ಗೋಡೆ ನೋಡುತ್ತಿದ್ದ. ಚೆನ್ನಾಗಿದ್ದಾನೆ ಅಂತ ಎಲ್ಲರಿಗೂ ಹೇಳಿ ಹೇಳಿ ನನಗೂ ಸಾಕಾಗಿದೆ.

ನಿನ್ನ ಮಂಡಿನೋವನ್ನು ದೇವರು ಕಡಿಮೆ ಮಾಡಲಿ. ಹೊಸ ವರ್ಷ ನಿನ್ನ ಮೇಲಾದರೂ ಕರುಣೆ ತೋರಲಿ. ನಮ್ಮಿಬ್ಬರಿಗೂ ಒಂದು ಪ್ರಾರ್ಥನೆ ಮಾಡು.

ನಿನ್ನ ತಂಗಿ,
ಇನೆಜ್

ಮರೆತು ಬಿಟ್ಟದ್ದಲ್ಲ ಅಕ್ಕ, ಮೇಲೆ ಬರೆಯೋದಕ್ಕೆ ಕೈ ಬರಲಿಲ್ಲ. ಹಾಲಿಸ್ ತಾನಿನ್ನೂ ಆಸ್ಪತ್ರೆಯಲ್ಲೇ ಇದ್ದೀನಿ ಅಂದುಕೊಂಡಿದ್ದಾನೆ. ಅವನಿಗೆ ಗುರುತು ಸಿಗಬಹುದಾಗಿದ್ದ ಮನೆಯನ್ನ ನಾನೇ ಕೈಯಾರೆ ಅಳಿಸಿಬಿಟ್ಟೆ. ಇವತ್ತು ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದುಕೊಂಡು ಹೇಳಿದ: "ಸಿಸ್ಟರ್, ನನ್ನನ್ನ ಮನೆಗೆ ಕಳಿಸಿಬಿಡಿ. ಹಬ್ಬ ಹತ್ರ ಬಂತು. ನನ್ನ ಹೆಂಡ್ತಿಗೆ ಏಣಿ ಹತ್ತೋಕೆ ಭಯ."